ಮಿಕು ಬ್ರೆಜಿಲ್‌ನವರಲ್ಲ

ಗದಗ ಹತ್ತಿರದ ಅಸುಂಡಿ ಕಡೆ ಆಟ ಅಂದರೆ ಮೊದಲು ಕ್ರಿಕೆಟ್ಟೇ. ಗದಗಿನ ಸುನೀಲ ಜೋಶಿ ಭಾರತ ತಂಡಕ್ಕೆ ಆಡಿದವರು, ಹಾಗಾಗಿ ಆ ಮಾತಿಗೆ ಒಂದಿಷ್ಟು ಗತ್ತೂ ಇದೆ. ಫುಟ್‌ಬಾಲ್ ಸುದ್ದಿ ಬರುವುದು ಟೀವಿಯಿಂದ, ಇಲ್ಲವೇ ಬೆಂಗಳೂರಿಗೆ ದುಡಿಯಲು ಹೋಗಿ ಕಂಠೀರವ ಕ್ರೀಡಾಂಗಣದಲ್ಲಿ ಮ್ಯಾಚ್ ನೋಡಿ ಬಂದ ಹುಡುಗರಿಂದ. ಬೆಂಗಳೂರು ಎಫ್‌ಸಿಗೆ ಆಡಿದ್ದ ಮಿಕು ಹೆಸರೆತ್ತಿದರೆ ಸಾಕು, "ಅಂವಾ ಬ್ರೆಜಿಲ್‌ನಾಂವ ಅಲ್ಲೇನಲೇ?" ಎನ್ನುವವರು ಒಬ್ಬರಾದರೂ ಸಿಗುತ್ತಾರೆ.

ಅಲ್ಲ. ನಿಕೊಲಾಸ್ ಫೆಡೊರ್ ಎಂಬ ಈ ಮಿಕು 1985ರಲ್ಲಿ ಹುಟ್ಟಿದ್ದು ವೆನೆಜುವೆಲಾದ ಕರಾಕಸ್‌ನಲ್ಲಿ. ಆ ದೇಶದ ಜನ ಮುಗಿಬೀಳುವುದು ಬೇಸ್‌ಬಾಲ್‌ಗೆ, ನಾವು ಕ್ರಿಕೆಟ್‌ಗೆ ಬಿದ್ದ ಹಾಗೆ. ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟದಲ್ಲಿರುವ 10 ದೇಶಗಳಲ್ಲಿ ಪುರುಷರ ವಿಶ್ವಕಪ್ ಒಮ್ಮೆಯೂ ಆಡದೆ ಉಳಿದದ್ದು ಅದೊಂದೇ. ಬ್ರೆಜಿಲ್‌ನವರ ಸುದ್ದಿಯೇ ಬೇಕೆಂದರೆ 2018ರ ಮಾರ್ಚ್ 17ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನೆನೆಯಬೇಕು. ಚೆನ್ನೈಯಿನ್ ತಂಡ ಬೆಂಗಳೂರನ್ನು 3–2ರಿಂದ ಸೋಲಿಸಿದ ಆ ಪಂದ್ಯದಲ್ಲಿ ಅವರ ಮೂರೂ ಗೋಲು ಬ್ರೆಜಿಲ್‌ನವರದೇ. ಹೊಡೆದವರಲ್ಲಿ ಒಬ್ಬನೂ ಸ್ಟ್ರೈಕರ್ ಅಲ್ಲ! ಮೈಲ್ಸನ್ ಆಲ್ವೆಸ್ ಡಿಫೆಂಡರ್, ರಫೇಲ್ ಆಗಸ್ಟೊ ಮಿಡ್‌ಫೀಲ್ಡರ್. ಕೊನೆ ಗಳಿಗೆಯಲ್ಲಿ ಬೆಂಗಳೂರಿನ ಎರಡನೇ ಗೋಲು ಹೊಡೆದದ್ದು ಮಿಕು.

ಹೊರದೇಶದ ಆಟಗಾರ ಅಂದರೆ ಒಂದೇ ಜಿಗಿತಕ್ಕೆ ಯುರೋಪ್ ಮುಟ್ಟಿದವನು ಎಂಬ ನಂಬಿಕೆಯೂ ಇದೆ. ಮಿಕು ಎಳೆಯ ವಯಸ್ಸಿನಲ್ಲೇ ಸ್ಪೇನ್‌ನ ವೆಲೆನ್ಸಿಯಾ ಸೇರಿದ್ದು ನಿಜ. ಆದರೆ ಮುಖ್ಯ ತಂಡದಲ್ಲಿ ಜಾಗ ಇರಲಿಲ್ಲ. ಲೋನ್ ಮೇಲೆ ಸಣ್ಣ ಕ್ಲಬ್‌ಗಳಿಗೆ ಕಳಿಸುತ್ತಲೇ ಇದ್ದರು. ಸಂಬಳದ ಕಾಗದ ಒಂದು ಕಡೆ, ಬೆವರು ಇನ್ನೊಂದು ಕಡೆ. 2010ರಲ್ಲಿ ಗೆಟಾಫೆಗೆ ಹೋದ ಮೇಲೆ ಕಾಲೂರಿದರು. 2012–13ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಆಡಿದ್ದೂ ಲೋನ್ ಮೇಲೆಯೇ.

ಹೀಗೆ ಊರೂರು ಸುತ್ತಿದವರು ತಾಯ್ನಾಡು ಮರೆತಿರಬೇಕು ಎನ್ನುವವರು 2011ರ ಕೋಪಾ ಅಮೆರಿಕ ನೋಡಿಲ್ಲ. ಪರಾಗ್ವೆ ಎದುರು ವೆನೆಜುವೆಲಾ 1–3ರಿಂದ ಹಿಂದಿತ್ತು. 89ನೇ ನಿಮಿಷದಲ್ಲಿ ಮಿಕು ಒಂದು ಹೊಡೆದರು. ಅಷ್ಟಕ್ಕೇ ಬಿಡಲಿಲ್ಲ. ಕಾರ್ನರ್‌ಗೆ ಗೋಲ್‌ಕೀಪರ್ ರೆನಿ ವೇಗಾ ತನ್ನ ಗೋಲು ಬಿಟ್ಟು ಎದುರಾಳಿ ಕಡೆಗೇ ಓಡಿಬಂದು ತಲೆ ಕೊಟ್ಟರು, ಜೊತೆಯಾಟಗಾರ ಪೆರೋಸೊ ಅದನ್ನು ಒಳಗೆ ತಳ್ಳಿದರು. 3–3. ಆ ಸಲ ನಾಲ್ಕನೇ ಸ್ಥಾನ, ವೆನೆಜುವೆಲಾ ಮುಟ್ಟಿದ ಅತಿ ಎತ್ತರ ಅದು.

"ಅಲ್ಲಿ ಆಟ ಮುಗಿದವ್ರು ಇಲ್ಲಿ ಪಿಂಚಣಿಗೆ ಬರ್ತಾರ" ಎಂಬ ಮಾತಿಗೆ ಬುಡವಿಲ್ಲ ಅನ್ನಲಾಗದು. 2014ರ ಮೊದಲ ಐಎಸ್‌ಎಲ್‌ನಲ್ಲಿ ಆಡಿದ ಇಟಲಿಯ ಡೆಲ್ ಪಿಯೆರೊ, ಫ್ರಾನ್ಸಿನ ಪಿರೆಸ್ 40ರ ಆಸುಪಾಸಿನವರು. ಮಿಕು ಬಂದದ್ದು 2017ರಲ್ಲಿ, 32ಕ್ಕೆ. ಮೊದಲ ಐಎಸ್‌ಎಲ್ ಋತುವಿನಲ್ಲೇ 15 ಗೋಲು. ಗೋಲ್ಡನ್ ಬೂಟ್ ಮಾತ್ರ ಅವರದಲ್ಲ. ಅದು 18 ಹೊಡೆದ ಎಫ್‌ಸಿ ಗೋವಾದ ಕೊರೊಮಿನಾಸ್‌ಗೆ ಹೋಯಿತು. 2019ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಕಪ್ ಗೆಲ್ಲಿಸಿದ ಗೋಲೂ ಮಿಕು ಲೆಕ್ಕಕ್ಕೆ ಸೇರಿಬಿಡುವುದುಂಟು. ಎಕ್ಸ್‌ಟ್ರಾ ಟೈಮ್‌ನಲ್ಲಿ ತಲೆಯಿಂದ ಹೊಡೆದು ಅದನ್ನು ತಂದವರು ರಾಹುಲ್ ಭೇಕೆ.

ನನ್ನನ್ನು ಕೇಳಿದರೆ ಮಿಕು ಆಟ ಕಾಣಬೇಕಾದ್ದು ಫೈನಲ್‌ಗಳಲ್ಲಲ್ಲ, 2018ರ ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ನಡೆದ ಸೂಪರ್ ಕಪ್ ಸೆಮಿಫೈನಲ್‌ನಲ್ಲಿ. ಮೋಹನ್ ಬಗಾನ್ ಒಂದು ಗೋಲು ಮುಂದೆ. ವಿರಾಮದ ನಂತರ ನಿಶು ಕುಮಾರ್‌ಗೆ ಕೆಂಪು ಕಾರ್ಡ್, ಬೆಂಗಳೂರಿಗೆ ಉಳಿದದ್ದು ಹತ್ತೇ ಜನ. ಅಂಥ ಹೊತ್ತಲ್ಲಿ ಮಿಕು ಹ್ಯಾಟ್ರಿಕ್ ಹೊಡೆದರು. ಕೊನೆಗೆ 4–2.

ಬೆಂಗಳೂರು ಬಿಟ್ಟದ್ದು 2019ರಲ್ಲಿ. ಸೈಪ್ರಸ್‌ನ ಒಮೋನಿಯಾಗೆ ಆಡಿ, ಮರುವರ್ಷ ಸ್ಪೇನ್‌ನ ಡೆಪೋರ್ಟಿವೊ ಲಾ ಕೊರುನ್ಯಾ ಸೇರಿದರು. 2000ದಲ್ಲಿ ಲಾ ಲಿಗಾ ಗೆದ್ದಿದ್ದ ಆ ಕ್ಲಬ್ ಮೂರನೇ ದರ್ಜೆಗೆ ಇಳಿದು ಕೂತಿತ್ತು. ಗೋಲು ಹೊಡೆಯುವವರು ಬೇಕಾದಾಗ ಅವರು ಕರೆದವರಲ್ಲಿ ನಾವು ಪಿಂಚಣಿದಾರ ಅಂದುಕೊಂಡಿದ್ದ ಈ 35ರ ಆಟಗಾರನೂ ಇದ್ದರು.