ಮಿಲಾನ್ ಮೆಟ್ಟಿದ ಅಥಣಿಯ ಜೋಡು

2025ರ ಜೂನ್ 22ರಂದು ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಪುರುಷರ ಉಡುಪಿನ ಪ್ರದರ್ಶನ ನಡೆಯಿತು. ಅಲ್ಲಿನ ರೂಪದರ್ಶಿಗಳ ಕಾಲಲ್ಲಿದ್ದುದನ್ನು ಫೋನಿನಲ್ಲಿ ಕಂಡ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಚಪ್ಪಟೆ ಅಟ್ಟೆ, ಹೆಬ್ಬೆರಳಿಗೊಂದು ಉಂಗುಟ, ಪಾದದ ಮೇಲೊಂದು ಪಟ್ಟಿ. ಮದುವೆಗೆ, ಜಾತ್ರೆಗೆ ಧೋತರದ ಕೆಳಗೆ ಮೆಟ್ಟುವ ಅದೇ ಕೊಲ್ಹಾಪುರಿ. ಪ್ರಾಡಾ ಮಾತ್ರ ಅದನ್ನು ‘ಚರ್ಮದ ಸ್ಯಾಂಡಲ್’ ಎಂದಷ್ಟೇ ಪರಿಚಯಿಸಿ ಸುಮ್ಮನಾಯಿತು. ಬೆಲೆ ಲಕ್ಷ ರೂಪಾಯಿ ದಾಟುತ್ತದೆ ಎಂದು ಪತ್ರಿಕೆಗಳು ಬರೆದವು. ನಮ್ಮ ಪೇಟೆಗಳಲ್ಲಿ ಸಾವಿರದ ಆಸುಪಾಸಿನಲ್ಲೇ ಒಳ್ಳೆಯ ಜೋಡು ಸಿಗುತ್ತದೆ.

ಪ್ರಾಡಾ ಹುಟ್ಟಿದ್ದೇ ಚರ್ಮದ ವ್ಯಾಪಾರದಲ್ಲಿ. 1913ರಲ್ಲಿ ಮಾರಿಯೋ ಪ್ರಾಡಾ ಮಿಲಾನ್‌ನಲ್ಲಿ ಚರ್ಮದ ಸಾಮಾನಿನ ಅಂಗಡಿ ತೆರೆದರು. ಅವರ ಮೊಮ್ಮಗಳು ಮಿಯುಚಾ ಪ್ರಾಡಾ 1980ರ ದಶಕದಲ್ಲಿ ಸಾದಾ ನೈಲಾನ್ ಬಟ್ಟೆಯಿಂದ ಬೆನ್ನಿಗೆ ಹಾಕುವ ಚೀಲ ಮಾಡಿ, ಅದನ್ನೇ ಶ್ರೀಮಂತರ ವಸ್ತುವಾಗಿಸಿ ಹೆಸರು ಮಾಡಿದರು. ಯಾರೂ ಲೆಕ್ಕಕ್ಕಿಡದ ವಸ್ತುವಿನಲ್ಲಿ ಸೊಗಸು ಕಾಣುವ ಕಣ್ಣು ಅವರದು, ಅದನ್ನು ಒಪ್ಪಲೇಬೇಕು. ಆದರೆ ನೈಲಾನಿಗೆ ಊರಿಲ್ಲ, ಕುಲವಿಲ್ಲ. ಚಪ್ಪಲಿಗೆ ಎರಡೂ ಇವೆ. ಐಷಾರಾಮಿ ವಿನ್ಯಾಸಕರು ಎಡವುವುದು ಇಲ್ಲಿಯೇ. ಅವರು ಮಾರುವುದು ತಮ್ಮ ಹೆಸರನ್ನು, ಆ ಹೆಸರಿನ ಪಕ್ಕದಲ್ಲಿ ಇನ್ನೊಬ್ಬರ ಹೆಸರಿಗೆ ಜಾಗ ಬಿಡುವುದು ಅವರಿಗೆ ಕಷ್ಟ.

ಹೀಗೆ ಎಡವಿದವರಲ್ಲಿ ಪ್ರಾಡಾ ಮೊದಲಲ್ಲ. ಇಂಗ್ಲೆಂಡಿನ ವಿನ್ಯಾಸಕ ಪಾಲ್ ಸ್ಮಿತ್ 2014ರಲ್ಲಿ ಪಾಕಿಸ್ತಾನದ ಪೇಶಾವರಿ ಚಪ್ಪಲಿಯನ್ನು ‘ರಾಬರ್ಟ್’ ಎಂದು ಕರೆದು 300 ಪೌಂಡಿಗೆ ಮಾರಾಟಕ್ಕಿಟ್ಟಿದ್ದರು. ಜನ ಬೈದ ಮೇಲೆ ವಿವರಣೆಯಲ್ಲಿ ‘ಪೇಶಾವರಿ’ ಸೇರಿತು. ಮರುವರ್ಷ ಮೆಕ್ಸಿಕೋದ ಮಿಹೆ ಬುಡಕಟ್ಟಿನವರ ಕಸೂತಿ ಕುಪ್ಪಸದ ವಿಷಯದಲ್ಲಿ ಪ್ಯಾರಿಸ್ಸಿನ ಇಸಾಬೆಲ್ ಮರಾಂ ಅವರ ಮೇಲೂ ಇದೇ ದೂರು ಬಂತು.

ಇನ್ನು ಜೋಡಿನ ಊರು, ಕುಲದ ಮಾತು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ನಿಪ್ಪಾಣಿ, ಅದರಾಚೆ ಕೊಲ್ಹಾಪುರ. ಮೂಡಲಗಿಯಿಂದ ಉತ್ತರಕ್ಕೆ ಹೋದರೆ ರಾಯಬಾಗ, ಕೃಷ್ಣೆ ದಾಟಿದರೆ ಅಥಣಿ. ಈ ಸೀಮೆಯ ಸಮಗಾರ ಮನೆಗಳಲ್ಲಿ ಕೊಲ್ಹಾಪುರಿ ತಲೆಮಾರುಗಳಿಂದ ತಯಾರಾಗುತ್ತ ಬಂದಿದೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ನೆನೆದು ಚರ್ಮ ಹದಕ್ಕೆ ಬರುತ್ತದೆ. ಅಟ್ಟೆ ಕತ್ತರಿಸಿ ಕೂಡಿಸುವುದು ಹೆಚ್ಚಾಗಿ ಗಂಡಸರ ಕೆಲಸ. ಕೂದಲಿನ ಜಡೆಯಂತೆ ಚರ್ಮದ ಸಣ್ಣ ಎಳೆಗಳನ್ನು ಹೆಣೆಯುವುದು ಹೆಂಗಸರದು. ಹಳೆಯ ಪದ್ಧತಿಯಲ್ಲಿ ಮೊಳೆ ಇಲ್ಲ, ಹೊಲಿಗೆಯ ದಾರವೂ ಚರ್ಮದ್ದೇ. ನಡೆದಾಗ ‘ಕರ್ರ್ ಕರ್ರ್’ ಎನ್ನಲಿ ಎಂದು ಅಟ್ಟೆಗಳ ನಡುವೆ ಒಣ ಬೀಜ ಇಡುವುದೂ ಉಂಟು. ಗೌಡರು ಬರುವ ಸುದ್ದಿ ಅವರಿಗಿಂತ ಮೊದಲೇ ಓಣಿಗೆ ಮುಟ್ಟಬೇಕಲ್ಲ!

ಈ ಕಸುಬಿನವರು ನೆನೆಯುವ ಹಿರಿಯ, ಹನ್ನೆರಡನೆಯ ಶತಮಾನದ ಶರಣ ಸಮಗಾರ ಹರಳಯ್ಯ. ಅವನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂದೂ, ಬಸವಣ್ಣ ಅದನ್ನು ಮೆಟ್ಟಲು ಒಪ್ಪಲಿಲ್ಲವೆಂದೂ ಐತಿಹ್ಯ. ಮಾಡಿದವರ ಹೆಸರು ಉಳಿದ ಅಪರೂಪದ ಜೋಡು ಅದು.

ಅಥಣಿಯವರ ಪಾಲಿಗೆ ಹೆಸರು ಅಷ್ಟು ಸುಲಭಕ್ಕೆ ಉಳಿಯಲಿಲ್ಲ. 1956ರ ತನಕ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು, ದೊಡ್ಡ ಪೇಟೆ ಕೊಲ್ಹಾಪುರದಲ್ಲಿತ್ತು. ಅಲ್ಲಿನ ಅರಸರಾಗಿದ್ದ ಶಾಹೂ ಮಹಾರಾಜರ ಪ್ರೋತ್ಸಾಹವೂ ಆ ಪೇಟೆಗೆ ಸಿಕ್ಕಿತ್ತು. ಹೀಗಾಗಿ ಎಲ್ಲಿ ಮಾಡಿದ್ದಾದರೂ ಜೋಡು ‘ಕೊಲ್ಹಾಪುರಿ’ಯೇ ಆಯಿತು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಬಂದಾಗ ಮಾತ್ರ ಲೆಕ್ಕ ಸರಿಹೋಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರದ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಹಕ್ಕು ಸಿಕ್ಕಿತು. ನಮ್ಮ ಕಡೆಯಿಂದ ಅದರ ಒಡೆತನ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನದು.

ಈ ಸೂಚ್ಯಂಕದ ಕಾನೂನಿನ ತಮಾಷೆ ನೋಡಿ. ಅದು ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಪ್ರಾಡಾ ತನ್ನ ಸ್ಯಾಂಡಲ್ಲನ್ನು ‘ಕೊಲ್ಹಾಪುರಿ’ ಎಂದು ಇಲ್ಲಿ ಮಾರಿದ್ದರೆ ತಪ್ಪಾಗುತ್ತಿತ್ತು. ಹೆಸರೇ ಹೇಳದ್ದರಿಂದ ಹಿಡಿಯಲು ಏನೂ ಸಿಗಲಿಲ್ಲ! ಆದರೂ ಪ್ರಾಡಾ ವಿರುದ್ಧ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಸೂಚ್ಯಂಕದ ಒಡೆಯರೇ ಬರಬೇಕಿತ್ತೆಂದು ನ್ಯಾಯಾಲಯ 2025ರ ಜುಲೈ 16ರಂದು ಅದನ್ನು ವಜಾ ಮಾಡಿತು.

ಕೋರ್ಟು ಮಾಡದ್ದನ್ನು ಜನರ ಸಿಟ್ಟು ಮಾಡಿತ್ತು. ಪ್ರದರ್ಶನ ನಡೆದ ವಾರದೊಳಗೇ ಪ್ರಾಡಾ ಕುಟುಂಬದ ಲೊರೆಂಜೊ ಬೆರ್ಟೆಲ್ಲಿ ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪತ್ರ ಬರೆದು, ಸ್ಫೂರ್ತಿ ಭಾರತದ ಕರಕುಶಲ ಪಾದರಕ್ಷೆಯದೆಂದು ಒಪ್ಪಿಕೊಂಡರು. ಪತ್ರ ಮಹಾರಾಷ್ಟ್ರಕ್ಕೆ, ಜುಲೈನಲ್ಲಿ ಬಂದ ಪ್ರಾಡಾ ತಂಡದ ಭೇಟಿ ಕೊಲ್ಹಾಪುರಕ್ಕೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕೈಗಳನ್ನು ಮರೆಯಬೇಡಿ ಎಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಬೇಕಾಯಿತು. ಕರದಂಟಿನ ಡಬ್ಬಿಯ ಮೇಲೆ ಊರ ಹೆಸರಿನ ಬೆಲೆ ಏನೆಂದು ಬಲ್ಲ ಗೋಕಾಕದವರಿಗೆ ಈ ತಕರಾರು ಬಿಡಿಸಿ ಹೇಳಬೇಕಿಲ್ಲ.

2025ರ ಡಿಸೆಂಬರಿನಲ್ಲಿ ಪ್ರಾಡಾ ಮುಂಬೈನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಎರಡರ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೊತೆ ತಯಾರಿಸಿ, ಒಂದು ಜೊತೆಗೆ ಸುಮಾರು 800 ಯೂರೋದಂತೆ ಮಾರುವುದು, ಕುಶಲಕರ್ಮಿಗಳಿಗೆ ತರಬೇತಿ ಕೊಡುವುದು ಎಂಬುದು ಆಗಿನ ಘೋಷಣೆ. ಕದ್ದ ಆರೋಪದಿಂದ ಕೂಡಿ ಮಾಡುವ ಮಾತಿಗೆ ಬಂದದ್ದು ಒಳ್ಳೆಯದೇ. ಆದರೆ ಆ 800 ಯೂರೋದಲ್ಲಿ ಜಡೆ ಹೆಣೆದವಳ ಕೈಗೆ ಎಷ್ಟು ಬರುತ್ತದೆ ಎಂಬುದೇ ಈ ಒಪ್ಪಂದದ ನಿಜವಾದ ಪರೀಕ್ಷೆ, ಆ ಲೆಕ್ಕವನ್ನು ಲಿಡ್ಕರ್ ಬಹಿರಂಗವಾಗಿ ಕೇಳಬೇಕು. ಓದುಗರೂ ಅಷ್ಟೇ, ಮುಂದಿನ ಲಗ್ನಸರಾಯಿಗೆ ಜೋಡು ಕೊಳ್ಳುವಾಗ ಇದನ್ನು ಮಾಡಿದವರು ಯಾರು, ಯಾವ ಊರಿನವರು ಎಂದು ಅಂಗಡಿಯವರನ್ನು ಒಮ್ಮೆ ಕೇಳಿ.