ತರಾವೀಹ್ ಮುಗಿಸಿ ಮಂಗಳನತ್ತ ಒಂದು ನೋಟ

ಚಿಕ್ಕಜಾಲದಲ್ಲಿ ರಾತ್ರಿ ತಲೆಯೆತ್ತಿದರೆ ಮೊದಲು ಕಾಣುವುದು ವಿಮಾನದ ದೀಪ. ಏರ್‌ಪೋರ್ಟ್ ಪಕ್ಕದ ಊರಲ್ವಾ! ನಾವು ಬ್ಯಾರಿಗಳು ಟೆರೇಸ್ ಹತ್ತುವುದು ಹೆಚ್ಚಾಗಿ ಚಂದ್ರದರ್ಶನಕ್ಕೆ. 2027ರ ಫೆಬ್ರವರಿ 19ರಂದು ಮಂಗಳ ಗ್ರಹ ಸೂರ್ಯನಿಗೆ ನೇರ ಎದುರು ಬದಿಗೆ ಬರುತ್ತದೆ. ಆಗ ರಮಝಾನ್. ತರಾವೀಹ್ ಮುಗಿಸಿ ಹೊರಬಂದರೆ ಪೂರ್ವದಲ್ಲಿ ಕೆಂಪಗೆ ಮೇಲೇರಿರುತ್ತದೆ, ಅರಬಿಯ ಅಲ್-ಮಿರ್ರೀಖ್.

ಮಂಗಳನಿಗೆ ನಗರದ ಬೆಳಕು ಅಷ್ಟೇನೂ ಅಡ್ಡಿಯಲ್ಲ. ಕಾಟ ಕೊಡುವುದು ನಡುಗುವ ಗಾಳಿ. ಬಿಸಿಲಿಗೆ ಕಾದ ಟೆರೇಸ್‌ಗಿಂತ ಹುಲ್ಲಿನ ಅಂಗಳ ಮೇಲು. ಫೋಟೊ ತೆಗೆಯುವ ಹವ್ಯಾಸಿಗಳು ಟೆಲಿಸ್ಕೋಪ್‌ಗೆ ಕ್ಯಾಮೆರಾ ಜೋಡಿಸಿ ವಿಡಿಯೊ ಮಾಡುತ್ತಾರೆ. ಸಾವಿರಾರು ಚಿತ್ರಗಳಲ್ಲಿ ಸ್ಪಷ್ಟವಾದವನ್ನಷ್ಟೇ ಆರಿಸಿ ಒಂದರ ಮೇಲೊಂದು ಕೂಡಿಸುತ್ತಾರೆ. ಕ್ಯಾಮೆರಾ ಇಲ್ಲದವರಿಗೆ ಪೆನ್ಸಿಲ್ ಸಾಕು. ಐದು ಸೆಂ.ಮೀ. ವೃತ್ತ, ಧ್ರುವದ ಬಿಳಿ ಟೊಪ್ಪಿ, ಕಪ್ಪು ಕಲೆಗಳು, ಪಕ್ಕದಲ್ಲಿ ಗಂಟೆ-ನಿಮಿಷ. ಸಮಯ ಬರೆಯದ ಚಿತ್ರ ಲೆಕ್ಕಕ್ಕಿಲ್ಲ.

ಯಾಕೆಂದರೆ ಮಂಗಳ ಒಂದು ಸುತ್ತು ತಿರುಗಲು 24 ಗಂಟೆ 37 ನಿಮಿಷ ಬೇಕು. ನಮಗೆ ಕಾಣುವ ಮುಖ ಆ ರಾತ್ರಿ ಅಮೆರಿಕದವರಿಗೆ ಕಾಣದು. 2018ರಲ್ಲಿ ಇಡೀ ಗ್ರಹವನ್ನೇ ಮುಚ್ಚಿದಂಥ ಧೂಳು ನಮ್ಮ ಕಡೆಯ ಮುಖದಲ್ಲಿ ಎದ್ದರೆ ಮೊದಲು ನೋಡಬೇಕಾದವರು ನಾವೇ.

ಈ ಸಲ ದೂರ ಸುಮಾರು 10 ಕೋಟಿ ಕಿ.ಮೀ.; 2003ರಲ್ಲಿ 5.6 ಕೋಟಿ ಇತ್ತು. ಬಿಂಬ ಸಣ್ಣದೇ. ಮಕ್ಕಳಿಗೆ ಮೊದಲೇ ಹೇಳಿಡಿ, ಬೇಸರ ಆಗಬಾರದು. ಟೆಲಿಸ್ಕೋಪ್ ಇಲ್ಲದಿದ್ದರೆ ಬೆಂಗಳೂರು ಅಸ್ಟ್ರಾನಾಮಿಕಲ್ ಸೊಸೈಟಿಯಂಥ ಹವ್ಯಾಸಿಗಳ ಕೂಟವನ್ನು ಈಗಲೇ ವಿಚಾರಿಸಿ.