ಒಂದು ಪದ, ಅಪ್ಪನ ಸಹಿ

ಏಳನೇ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಸೆಲೆಕ್ಷನ್ ಆದ ಖುಷಿಯಲ್ಲಿ ಊರಿಗೆ ಬಂದಿದ್ದೆ. ಆಫರ್ ಲೆಟರ್ ಜೊತೆ ಹತ್ತು ಪುಟದ ಸರ್ವಿಸ್ ಬಾಂಡ್ ಕೂಡ ಇತ್ತು. ಎರಡು ವರ್ಷ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು. ಕೊನೆಯ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಶ್ಯೂರಿಟಿಯಾಗಿ ಅಪ್ಪನ ಸಹಿಗೆ ಜಾಗ ಬಿಟ್ಟಿದ್ದರು. ‘ಎಲ್ಲಿ ಹಾಕ್ಬೇಕು ತೋರ್ಸು’ ಎನ್ನುತ್ತಾ ಅಪ್ಪ ಪೆನ್ನು ತೆಗೆದರು.

‘ತಡೀರಿ ಅಪ್ಪ’ ಎಂದವಳು ಅಕ್ಕ. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ಅವಳಿಗೆ ಇದು ಎರಡನೇ ವರ್ಷ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಅವಳು ಇಂಗ್ಲಿಷ್ ಮಾತಾಡಲು ತಡವರಿಸಿದಾಗಲೆಲ್ಲ ನಕ್ಕು ತಿದ್ದುತ್ತಿದ್ದವನು ಇಂಗ್ಲಿಷ್ ಮಾಧ್ಯಮದ ನಾನು. ಅವತ್ತು ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಇದರ ಅರ್ಥ ಹೇಳೋ’ ಎಂದಳು. ‘ಜಾಯಿಂಟ್ಲಿ ಅಂಡ್ ಸೆವರಲಿ ಲಯಬಲ್’ ಎಂದಿತ್ತು. ‘ಇಬ್ಬರೂ ಸೇರಿ... ಹಲವು ಸಲ...’ ಎಂದು ತಡವರಿಸಿದೆ. ಅವಳು ನಗಲಿಲ್ಲ.

‘ಸೆವರಲಿ ಅಂದ್ರೆ ಇಲ್ಲಿ ಪ್ರತ್ಯೇಕವಾಗಿ ಅಂತ. ನೀನು ಕೆಲಸ ಬಿಟ್ರೆ ಕಂಪನಿಯವರು ನಿನ್ನನ್ನ ಕೇಳದೆ, ಪೂರ್ತಿ ಹಣ ಸೀದಾ ಅಪ್ಪನ ಹತ್ರಾನೇ ಕೇಳ್ಬಹುದು.’ 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ತೆಗೆದು ತೋರಿಸಿದಳು. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನು ನಿಂತವರ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ. ಅಪ್ಪ ಪೆನ್ನಿನ ಕ್ಯಾಪ್ ಹಾಕಿದರು.

ಆ ರಾತ್ರಿ ಅಕ್ಕನ ನೋಟ್‌ಬುಕ್ ನೋಡಿದೆ. ಎಡಗಡೆ ನಮಗೆಲ್ಲ ಗೊತ್ತಿರುವ ಅರ್ಥ, ಬಲಗಡೆ ಕೋರ್ಟಿನ ಅರ್ಥ. ‘ಕನ್ಸಿಡರೇಷನ್’ ನಮಗೆ ಪರಿಗಣನೆ, ಕರಾರಿನಲ್ಲಿ ಪ್ರತಿಫಲ. ‘ಸೆಂಟೆನ್ಸ್’ ನಮಗೆ ವಾಕ್ಯ, ಅಲ್ಲಿ ಶಿಕ್ಷೆ. ‘ಸೂಟ್’ ಮದುವೆಗೆ ಹಾಕುವ ಬಟ್ಟೆಯಲ್ಲ, ದಾವೆ. ‘ಎಕ್ಸಿಕ್ಯೂಟ್’ ಅಂದರೆ ನಾವು ಪ್ರೋಗ್ರಾಂ ಓಡಿಸುತ್ತೇವೆ, ಅವರು ಪತ್ರಕ್ಕೆ ಸಹಿ ಹಾಕಿ ಬರೆದುಕೊಡುತ್ತಾರೆ. ‘ವಾಯ್ಡ್’ ಕರಾರಿಗೆ ಕಾನೂನಿನ ಬಲವೇ ಇಲ್ಲ. ‘ವಾಯ್ಡಬಲ್’ ಆದರೆ ಅನ್ಯಾಯಕ್ಕೊಳಗಾದವರು ಬೇಡ ಎನ್ನುವವರೆಗೂ ಅದು ಊರ್ಜಿತ.

ವ್ಯಾಕರಣವೂ ಹಾಗೆಯೇ. ‘ಶಲ್’ ಎಂದರೆ ಸಾಮಾನ್ಯವಾಗಿ ಮಾಡಲೇಬೇಕು, ‘ಮೇ’ ಎಂದರೆ ಮಾಡಬಹುದು. ನನ್ನ ಬಾಂಡಿನಲ್ಲಿ ನನ್ನ ಪಾಲಿಗೆಲ್ಲ ‘ಶಲ್’, ಕಂಪನಿಯ ಪಾಲಿಗೆಲ್ಲ ‘ಮೇ’! ‘ಸಬ್ಜೆಕ್ಟ್ ಟು’ ಎಂದು ಶುರುವಾದರೆ ಆ ಇನ್ನೊಂದು ಷರತ್ತೇ ಮೇಲು; ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದಿದ್ದರೆ ಈ ಷರತ್ತೇ ಮೇಲು. ಅಲ್ಪವಿರಾಮಕ್ಕೂ ಬೆಲೆಯಿದೆ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನ ಒಂದು ಪಟ್ಟಿಯಲ್ಲಿ ಕಾಮಾ ಇರಲಿಲ್ಲ. ಅದರಿಂದ ಅರ್ಥ ಗೊಂದಲವಾಗಿದೆ ಎಂದು 2017ರಲ್ಲಿ ಕೋರ್ಟ್ ಹಾಲಿನ ಕಂಪನಿಯೊಂದರ ಚಾಲಕರ ಪರ ನಿಂತಿತು. ಮರುವರ್ಷ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಅಕ್ಕ ದಿನಕ್ಕೊಂದು ಸೆಕ್ಷನ್ ಓದುತ್ತಾಳೆ. ಉದ್ದ ವಾಕ್ಯದಲ್ಲಿ ಮೊದಲು ಕರ್ತೃ, ಕ್ರಿಯಾಪದ ಹುಡುಕಿ ಅಡಿಗೆರೆ ಎಳೆಯುತ್ತಾಳೆ. ‘ಪ್ರೊವೈಡೆಡ್ ದಟ್’ ಬಂದಲ್ಲಿ ವಿನಾಯಿತಿ ಅಥವಾ ಷರತ್ತು ಇರುತ್ತದೆಂದು ಗುರುತು ಹಾಕುತ್ತಾಳೆ. ಕೊನೆಗೆ ಅದನ್ನೇ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾಳೆ. ಅಮ್ಮನಿಗೆ ಅರ್ಥವಾಗದಿದ್ದರೆ ತನಗೂ ಆಗಿಲ್ಲ ಎಂದು ಮತ್ತೆ ಓದುತ್ತಾಳೆ. ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ, ಕಕ್ಷಿದಾರನ ಕಷ್ಟ ಕನ್ನಡದಲ್ಲಿ. ನಾಳೆ ಅವಳು ಎರಡರ ನಡುವೆ ನಿಲ್ಲಬೇಕಲ್ಲ. ಕಾನೂನು ಓದುವ ಗೆಳೆಯರಿಗೆ ಈ ಅಭ್ಯಾಸ ಖಂಡಿತ ನೆರವಾಗುತ್ತದೆ. ಬಾಂಡಿಗೆ ಸಹಿ ಹಾಕುವ ನಮ್ಮಂಥವರಿಗೂ.

ಅಪ್ಪನ ಹೆಸರು ಕೈಬಿಡಿ ಎಂದು ಕಂಪನಿಗೆ ಮೇಲ್ ಮಾಡಿದೆವು. ನಮೂನೆ ಬದಲಿಸಲಾಗದು ಎಂಬ ಉತ್ತರ ಬಂತು. ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಅದರೊಳಗೆ ಸಮಂಜಸವಾದ ಪರಿಹಾರವನ್ನು ಕೋರ್ಟ್ ನಿರ್ಧರಿಸುತ್ತದೆ ಎಂದು 74ನೇ ಸೆಕ್ಷನ್ ಹೇಳುತ್ತದೆ. ಅದನ್ನೂ ಅಕ್ಕ ವಿವರಿಸಿದಳು.

ಎಲ್ಲ ಕೇಳಿಸಿಕೊಂಡ ಅಪ್ಪ ಸಹಿ ಹಾಕಿದರು. ‘ಆವತ್ತೇ ಹಾಕಿದ್ರೆ ನಿನ್ನ ಮೇಲಿನ ನಂಬಿಕೆಯಿಂದ ಹಾಕ್ತಿದ್ದೆ. ಇವತ್ತು ಗೊತ್ತಿದ್ದೂ ಹಾಕಿದೀನಿ’ ಎಂದರು. ಎರಡು ವರ್ಷ ಆ ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ. ಅಕ್ಕನ ಇಂಗ್ಲಿಷ್ ತಿದ್ದುವುದನ್ನೂ ಅವತ್ತೇ ಬಿಟ್ಟೆ.